ಹದಿನೇಳನೇ ಫ್ರೇಮಿನ ಗಾಳಿ

ಗಿರಣಿ ಕೆಲಸದ ಪರೀಕ್ಷೆಗೆ ಚೀಟಿ ಎತ್ತಿದಾಗ ಸ್ಫೂರ್ತಿಗೆ ನೂಲುವ ಹದಿನೇಳನೇ ಫ್ರೇಮ್ ಬಂತು. ಆ ಸುದ್ದಿ ತಿಳಿದ ಮೇಲೆ ದಾವಣಗೆರೆಯ ಅವರ ಬೀದಿಯಲ್ಲಿ ಒಬ್ಬರೂ ಅವಳಿಗೆ ಒಳ್ಳೆಯದಾಗಲಿ ಎನ್ನಲಿಲ್ಲ. ಎದುರುಮನೆಯ ಅಕ್ಕತಂಗಿಯರು "ಅಯ್ಯೋ ಪಾಪ" ಎಂದು ಬಾಗಿಲು ಮುಚ್ಚಿಕೊಂಡರು. ಮೂಲೆಯಲ್ಲಿ ಮಂಡಕ್ಕಿ ಕಟ್ಟಿಕೊಡುವವನು ಒಂದು ಮೆಣಸಿನಕಾಯಿ ಬಜ್ಜಿ ಹೆಚ್ಚಿಗೆ ಹಾಕಿದ. 'ಗಿರಣಿ' ಎಂಬ ಕಂಪ್ಯೂಟರ್ ಆಟದಲ್ಲಿ ಹನ್ನೆರಡು ದೇವರ ಫ್ರೇಮ್, ಹದಿನೇಳು ದೆವ್ವದ ಫ್ರೇಮ್ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು.

ಆಟವೆಂದರೆ ಬರೀ ಆಟವಲ್ಲ. ಊರಿನ ಹತ್ತಿ ಗಿರಣಿಗಳು ಬಾಗಿಲು ಹಾಕಿ ಮೂವತ್ತೈದು ವರ್ಷವಾಗಿತ್ತು. ಹಡಗಿನಲ್ಲಿ ಬರುತ್ತಿದ್ದ ಬಟ್ಟೆ ಮೊದಲು ದುಬಾರಿಯಾಯಿತು, ಆಮೇಲೆ ಬರುವುದೇ ನಿಂತಿತು. ಆಗ ಜಿಲ್ಲೆಯ ನೂಲು ಸಹಕಾರ ಸಂಘದವರು ಹೊಸ ಗಿರಣಿ ಕಟ್ಟಿದರು. ಕಟ್ಟಡ ಎದ್ದಿತು, ಯಂತ್ರಗಳೂ ಬಂದವು, ಆದರೆ ಅವುಗಳ ಮುಂದೆ ನಿಲ್ಲಬಲ್ಲ ಕೈಗಳು ಇರಲಿಲ್ಲ. ಕೈ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗ, ಮುಚ್ಚಿಹೋದ ಚಂದ್ರೋದಯ ಮಿಲ್ಲಿನ ಉಗ್ರಾಣದಲ್ಲಿ ಮುನ್ನೂರು ಹಳೆಯ ದಾಖಲೆ ಪುಸ್ತಕಗಳು ಸಿಕ್ಕವು. ನೂಲುವ ಒಂದೊಂದು ಫ್ರೇಮಿಗೂ ವರ್ಷಕ್ಕೊಂದು ಪುಸ್ತಕ. ಯಾವ ದಿನ, ಯಾವ ಗಂಟೆಗೆ, ಎಷ್ಟನೇ ಕದಿರಿನಲ್ಲಿ ಎಳೆ ಕಡಿಯಿತು ಎಂಬುದೆಲ್ಲ ಅದರಲ್ಲಿತ್ತು.

ಎಂಜಿನಿಯರುಗಳು ಆ ಪುಸ್ತಕಗಳನ್ನು ಕಂಪ್ಯೂಟರಿಗೆ ಉಣಿಸಿ, ಇಡೀ ಮಿಲ್ಲನ್ನು ಮತ್ತೆ ಹುಟ್ಟಿಸಿದರು. ಪುಸ್ತಕದಲ್ಲಿ ಬರೆದದ್ದೇ ಯಂತ್ರದ ಸ್ವಭಾವವಾಯಿತು. ಆಡುವವರು ಮೇಲಿನಿಂದ ನೋಡಿದರೆ ಮಿಲ್ಲು ಅಂಗೈಯಗಲ. ಹತ್ತಿ ತರಿಸಬೇಕು, ಎಣ್ಣೆ ಬಿಡಿಸಬೇಕು, ಬಿಡಿಭಾಗ ಬದಲಿಸಬೇಕು, ಹೇಳಿದ ಹೊತ್ತಿಗೆ ನೂಲು ಒಪ್ಪಿಸಬೇಕು. ಕನ್ನಡಕ, ಕೈಗವಸು ಹಾಕಿಕೊಂಡರೆ ಅದೇ ಮಿಲ್ಲಿನ ನೆಲದ ಮೇಲೆ ನಿಂತು ಕಡಿದ ಎಳೆಯನ್ನು ಬೆರಳಿನಿಂದಲೇ ಸೇರಿಸಬೇಕು. ಶನಿವಾರ ಪರೀಕ್ಷೆ. ಎಂಟು ಗಂಟೆಯ ಪಾಳಿಯನ್ನು ಆಟ ಎರಡು ಗಂಟೆಯಲ್ಲಿ ಓಡಿಸುತ್ತದೆ. ನಲವತ್ತು ಜನರಲ್ಲಿ ಇಪ್ಪತ್ತು ಜನರಿಗೆ ಹೊಸ ಗಿರಣಿಯಲ್ಲಿ ಕೆಲಸ.

ಸ್ಫೂರ್ತಿಯ ಅಜ್ಜಿ ಹಾಲಮ್ಮ ಅದೇ ಚಂದ್ರೋದಯದಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಆದರೂ ಆಟದ ಕನ್ನಡಕವನ್ನು ಒಂದು ದಿನವೂ ಮುಟ್ಟಿರಲಿಲ್ಲ. "ಸತ್ತೋರ ಮದುವಿ ವಿಡಿಯೋ ನೋಡಿದಂಗೆ ಆಗತೈತಿ, ಬ್ಯಾಡವ್ವಾ" ಎನ್ನುತ್ತಿದ್ದಳು.

ಮಂಗಳವಾರ ಸಂಜೆ ಸ್ಫೂರ್ತಿ ಊಟದ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು.

"ಮೂರು ಸಲ ಆಡಿದೆ ಅಜ್ಜಿ. ಮೂರೂ ಸಲ ನಾಕು ಗಂಟಿಗೇ ಕೈ ಕೊಡ್ತು. ಸಹಾಯದ ಪುಟದಾಗೆ ಇರೋದೆಲ್ಲಾ ಮಾಡೀನಿ. ಟ್ರಾವೆಲರ್ ಕೊಂಡಿ ಬದಲಿಸು ಅಂತು, ಬದಲಿಸಿದೆ. ರೋಲರ್ ಒರಸು ಅಂತು, ಒರಸಿದೆ. ವೇಗ ಇಳಸು ಅಂತು. ಇಳಿಸಿದ್ರೆ ನೂಲು ಕಡಿಮೆ ಬೀಳತೈತಿ."

"ತೇವ ನೋಡಿದ್ಯಾ? ಒಣಗಿದ್ರೆ ಎಳಿ ತಡಿಯಂಗಿಲ್ಲ."

"ಶೆಡ್ಡಿನ ತೇವ ಸರಿಯಾಗೈತಿ. ಪಕ್ಕದ ಹದಿನಾರು, ಹದಿನೆಂಟು ಎರಡೂ ನೆಟ್ಟಗೆ ಓಡತಾವೆ."

ಸ್ಫೂರ್ತಿ ಈ ಮೊದಲು ನಾಲ್ಕು ಕಡೆ ಕೆಲಸ ಕೇಳಿದ್ದಳು. ನಾಲ್ಕು ಕಡೆಯೂ ಆ ಕೆಲಸ ಮನುಷ್ಯರಿಗೆ ಇರಲಿಲ್ಲ. ಮನುಷ್ಯರ ಕೈಯೇ ಬೇಕು ಎಂದು ಕೇಳಿದ್ದು ಈ ಗಿರಣಿ ಒಂದೇ. ಹಾಲಮ್ಮ ಮೊಮ್ಮಗಳ ಕೆದರಿದ ಕೂದಲನ್ನು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಕೊಡು ಇತ್ಲಾಗೆ ಆ ಕನ್ನಡಕ."

ಮೊದಲು ಬಂದದ್ದು ಸದ್ದು. ನಾನೂರು ಕದಿರುಗಳು ಒಟ್ಟಿಗೆ ತಿರುಗುವ, ಮಾತನ್ನೆಲ್ಲ ನುಂಗಿ ಕೂರುವ ಆ ಸದ್ದು. ಆಮೇಲೆ ಮೇಲಿಂದ ಇಳಿಬಿದ್ದ ದೀಪಗಳು, ಅವುಗಳ ಸುತ್ತ ಹಾರುವ ಹತ್ತಿಯ ನವಿರು. ವಾಸನೆಯೊಂದು ಇರಲಿಲ್ಲ. ಎಣ್ಣೆ, ಹತ್ತಿ, ಬೆವರು ಕಲೆತ ಆ ವಾಸನೆಯನ್ನು ಹಾಲಮ್ಮನ ಮೂಗು ತಾನೇ ಹುಡುಕಿ ತುಂಬಿಕೊಂಡಿತು. ಒಂದು ಎಳೆ ಕಡಿಯಿತು. ಅವಳು ಏನು ಮಾಡಬೇಕೆಂದು ಯೋಚಿಸುವ ಮೊದಲೇ ಎಡಗೈ ಕದಿರನ್ನು ತಡೆದಿತ್ತು, ಬಲಗೈ ತುದಿ ಹುಡುಕಿ, ಉಂಗುರದ ಕೊಂಡಿಯಲ್ಲಿ ಪೋಣಿಸಿ, ರೋಲರಿನ ಬಾಯಿಗೆ ಮುಟ್ಟಿಸಿಯಾಗಿತ್ತು. ಎಪ್ಪತ್ತೇಳು ವರ್ಷದ ಕೈಗೆ ಎರಡೇ ಕ್ಷಣ ಸಾಕಾಯಿತು.

ಆಟದ ಗಡಿಯಾರದಲ್ಲಿ ನಾಲ್ಕು ಹೊಡೆಯಿತು.

ಫ್ರೇಮಿನ ತಲೆಕಡೆಯಿಂದ ಎಳೆಗಳು ಕಡಿಯತೊಡಗಿದವು. ಒಮ್ಮೆಗೇ ಅಲ್ಲ. ಮೊದಲನೆಯದು, ಮೂರನೆಯದು, ಏಳನೆಯದು, ಹೀಗೆ ಒಂದರ ಹಿಂದೊಂದು, ಜೋಳದ ಹೊಲದ ಮೇಲೆ ಗಾಳಿ ಬೀಸಿ ತೆನೆಗಳು ಬಾಗುತ್ತ ಬಂದ ಹಾಗೆ. ಹಾಲಮ್ಮ ಸೇರಿಸುತ್ತ ಓಡಿದಳು. ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಏನಾಯ್ತಜ್ಜಿ? ತಲಿ ತಿರುಗ್ತಾ?"

"ಇಲ್ಲ. ಇದು ಬಾಗ್ಲ ಗಾಳಿ ಕಣೇ. ನಾಕು ಗಂಟಿಗೆ ಪಕ್ಕದ ಶೆಡ್ಡಿನೋರ ಪಾಳಿ ಬದಲಾಗೋವಾಗ ಪಡುವಣ ಬಾಗ್ಲು ತೆಗೀತಿದ್ರು. ಬಿಸಿಗಾಳಿ ನುಗ್ಗೋದು."

"ಹದಿನೇಳು ಶೆಡ್ಡಿನ ನಟ್ಟನಡುವೆ ಐತಲ್ಲ. ಅಲ್ಲಿ ಬಾಗ್ಲೇ ಇಲ್ಲ."

"ಅದಕ್ಕೇ ಹೇಳಿದ್ದು. ಬಾಗ್ಲ ಬಾಯಾಗೆ ಇದ್ದದ್ದು ಹನ್ನೆರಡು. ಇದು ಹನ್ನೆರಡರ ಗಾಳಿ. ಅದನ್ನ ಹದಿನೇಳಕ್ಕೆ ತಂದೋಳು ನಾನೇ."

ಹನ್ನೆರಡನೇ ಫ್ರೇಮು ಪೀರಂಬಿಯದಾಗಿತ್ತು. ಗಂಡ ಸತ್ತು ಮೂರು ಮಕ್ಕಳ ಜೊತೆ ಉಳಿದವಳು. ಒಂದು ಬೇಸಿಗೆಯಲ್ಲಿ ಅವಳ ಕಣ್ಣು ಮಂಜಾಗತೊಡಗಿತು. ಸೇರಿಸದೆ ಬಿಟ್ಟ ಎಳೆಗಳು ದಿನಕ್ಕೆ ಇಷ್ಟಕ್ಕಿಂತ ಹೆಚ್ಚಾದರೆ ಆ ಕೆಲಸಗಾರ್ತಿಯನ್ನು ಮನೆಗೆ ಕಳಿಸುವುದು ಮಿಲ್ಲಿನ ಕಟ್ಟಳೆ. ಕನ್ನಡಕ ಬರುವವರೆಗೆ ಎರಡು ವಾರ ನೋಡಿಕೊಂಡರಾಯಿತು ಎಂದು ಪಾಳಿಯ ಹೆಂಗಸರು ಮಾತಾಡಿಕೊಂಡರು. ಕುಡಿಯುವ ನೀರಿನ ಹಂಡೆ ಇದ್ದದ್ದು ಹನ್ನೆರಡರ ಪಕ್ಕ. ನೀರು ಕುಡಿಯಲು ಹೋಗುವ ನೆಪದಲ್ಲಿ ಒಬ್ಬೊಬ್ಬರೂ ನಾಲ್ಕು ನಾಲ್ಕು ಎಳೆ ಸೇರಿಸಿ ಬರುವುದು. ಕನ್ನಡಕ ಬಂತು, ಆದರೆ ಕಣ್ಣು ಬರಲಿಲ್ಲ. ಎರಡು ವಾರ ಏಳು ವರ್ಷವಾಯಿತು. ಆ ಏಳು ವರ್ಷ ಅವರ ಪಾಳಿಯ ಹೆಂಗಸರಿಗೆ ಆದಷ್ಟು ಬಾಯಾರಿಕೆ ಯಾವ ಊರಿನ ಯಾವ ಮಿಲ್ಲಿನಲ್ಲೂ ಯಾರಿಗೂ ಆಗಿರಲಾರದು.

ಹಾಲಮ್ಮ ಪಿಯುಸಿ ಓದಿದ್ದಳು. ಹಾಗಾಗಿ ಕಡಿತದ ಲೆಕ್ಕ ಬರೆಯುವ ಕೆಲಸ ಅವಳದು. ಯಾರ ಕೈಗೂ ಸಿಗದೆ ಉಳಿದ ಎಳೆಗಳು ಲೆಕ್ಕದಲ್ಲಿ ಕಾಣದಿರಲೆಂದು ಹನ್ನೆರಡರ ಪುಟದಲ್ಲಿ ಸೊನ್ನೆ ಬರೆದಳು. ಆದರೆ ಇಡೀ ಶೆಡ್ಡಿನ ಮೊತ್ತ ತಾಳೆಯಾಗಬೇಕಲ್ಲ? ಹದಿನೇಳಕ್ಕೆ ಕಾಯಂ ಕೆಲಸಗಾರ್ತಿ ಇರಲಿಲ್ಲ, ದಿನಕ್ಕೊಬ್ಬರು ಬದಲಿಯವರು ನಿಲ್ಲುತ್ತಿದ್ದರು. ಯಾರ ತಲೆಗೂ ಬರುವುದಿಲ್ಲವೆಂದು ಹನ್ನೆರಡರ ಕಡಿತವನ್ನೆಲ್ಲ ಹದಿನೇಳರ ಪುಸ್ತಕಕ್ಕೆ ಏರಿಸಿದಳು.

"ಅಂದ್ರೆ ಏಳು ವರ್ಷ ಸುಳ್ಳು ಬರದ್ಯಾ ನೀನು?" ಸ್ಫೂರ್ತಿಯ ಕಣ್ಣು ಅಗಲವಾಯಿತು. ಸಣ್ಣಪುಟ್ಟ ಸುಳ್ಳಿಗೂ ಕಿವಿ ಹಿಂಡಿದ ಅಜ್ಜಿ ಇವಳು.

"ಚಂದ ಅಕ್ಷರದಾಗೆ ಬರದೆ" ಎಂದಳು ಹಾಲಮ್ಮ.

ಮರುದಿನ ಬೆಳಿಗ್ಗೆ ಇಬ್ಬರೂ ಸಂಘದ ಕಟ್ಟಡದ ಎರಡನೇ ಮಹಡಿಗೆ ಹೋದರು. ಆಟದ ನಿಯಂತ್ರಣ ಕೋಣೆ ಅಲ್ಲಿತ್ತು. ಗೋಡೆ ತುಂಬ ಪರದೆಗಳು, ನಡುವೆ ಆರಿಹೋದ ಕಾಫಿಯ ಲೋಟ ಹಿಡಿದ ಪ್ರಣತಿ. ಮೈಸೂರಿನ ಹುಡುಗಿ, ಆಟದ ಯಂತ್ರಗಳನ್ನು ರೂಪಿಸಿದವಳು. ಹಾಲಮ್ಮನ ಮಾತು ಮುಗಿಯುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು.

"ಅಜ್ಜಿ, ಆರು ತಿಂಗಳಿಂದ ನಾನು ತಲೆ ಕೆಡಿಸ್ಕೊಂಡಿದೀನಿ. ಇಲ್ಲದ ಬಾಗಿಲಿನ ಗಾಳೀನ ಯಂತ್ರ ತನ್ನ ಹೊಟ್ಟೆನೋವು ಅಂದ್ಕೊಂಡುಬಿಟ್ಟಿದೆ. ಯಾವ ಬಿಡಿಭಾಗ ಬದಲಾಯಿಸಿದ್ರೆ ತಾನೇ ಹೋಗುತ್ತೆ ಅದು!"

ಅವಳು ಒಂದು ನಕಲು ಮಾಡಿ, ಹದಿನೇಳರ ಪುಸ್ತಕದಲ್ಲಿದ್ದ ಹೆಚ್ಚುವರಿ ಕಡಿತಗಳನ್ನು ಹನ್ನೆರಡಕ್ಕೆ ಸರಿಸಿದಳು. ಪರದೆಯ ಮೇಲೆ ಎರಡು ಗೆರೆಗಳು ನಡುಗಿ, ಉಳಿದ ಫ್ರೇಮುಗಳ ಗೆರೆಗಳ ಸಾಲಿಗೆ ಬಂದು ಕೂತವು; ಹನ್ನೆರಡರದು ಮಾತ್ರ ನಾಲ್ಕು ಗಂಟೆಗೆ, ಬಾಗಿಲು ತೆರೆಯುವಾಗ, ಬಾಗಿತು. ದೆವ್ವವೂ ಇಲ್ಲ, ದೇವರೂ ಇಲ್ಲ.

"ಹಂಗಾದ್ರೆ ಶನಿವಾರಕ್ಕೆ ಸರಿ ಮಾಡ್ತೀರಾ ಮೇಡಂ?" ಸ್ಫೂರ್ತಿ ಕೇಳಿದಳು.

ಪ್ರಣತಿಯ ಮುಖ ಇಳಿಯಿತು. "ಒಬ್ಬರ ಮಾತಿನ ಮೇಲೆ ಹಳೇ ದಾಖಲೆ ತಿದ್ದೋ ಹಾಗಿಲ್ಲ. ಅದರಲ್ಲೂ ಇಲ್ಲಿ ನಿಮ್ಮ ಮೊಮ್ಮಗಳೇ ಪರೀಕ್ಷೆಗೆ ನಿಂತಿದಾಳೆ. ಹನ್ನೆರಡನೇ ಪುಸ್ತಕದ ಮೇಲೆ ಯಾರ ಹೆಸರಿದೆಯೋ ಅವರೇ ಬಂದು ಹೇಳ್ಬೇಕು. ಪೀರಂಬಿ ಅವರು... ಇದಾರಾ?"

"ಅದಾಳೆ" ಎಂದಳು ಹಾಲಮ್ಮ. ಅವಳ ದನಿ ಸಣ್ಣದಾಯಿತು.

ಪೀರಂಬಿ ಇದ್ದಳಷ್ಟೇ ಅಲ್ಲ, ಹೆಸರುವಾಸಿಯಾಗಿದ್ದಳು. ಆಟದೊಳಗೆ ಹನ್ನೆರಡನೇ ಫ್ರೇಮಿನ ಮೇಲೆ ಹಿತ್ತಾಳೆ ಬಣ್ಣದ ಒಂದು ಫಲಕವಿತ್ತು: ಏಳು ವರ್ಷ ಒಂದು ಎಳೆಯನ್ನೂ ಬಿಡದ ಪೀರಂಬಿಯವರ ಯಂತ್ರ. ಹೊಸ ಗಿರಣಿಯ ಮೊದಲ ಯಂತ್ರಕ್ಕೆ ಅವಳ ಕೈಯಿಂದಲೇ ಹೂ ಹಾಕಿಸಿದ್ದರು. ಕಣ್ಣು ಪೂರ್ತಿ ಹೋಗಿದ್ದ ಆ ಮುದುಕಿಯನ್ನು ಈಗ ಬೀದಿಯವರು ಕೈಹಿಡಿದು ರಸ್ತೆ ದಾಟಿಸುವಾಗ "ಹನ್ನೆರಡರ ಪೀರವ್ವ ಬಂದ್ಲು, ಜಾಗ ಬಿಡ್ರಿ" ಎನ್ನುತ್ತಿದ್ದರು.

ಮೆಟ್ಟಿಲಿಳಿಯುವಾಗ ಸ್ಫೂರ್ತಿ ಅಜ್ಜಿಯ ತೋಳು ಹಿಡಿದಳು. "ಬ್ಯಾಡ ಬಿಡಜ್ಜಿ. ನಾನೇ ಹೆಂಗೋ ಓಡಿಸ್ತೀನಿ. ವೇಗ ಒಂಚೂರು ಇಳಿಸಿ, ನಾಕು ಗಂಟಿಗೆ ಸರಿಯಾಗಿ ತಲಿಕಡೆ ನಿಂತ್ರೆ ಆಗಬೌದು."

ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಹುಡುಗಿ ಹಾಗೆ ಅಂದಳಲ್ಲ ಎಂದು ಹಾಲಮ್ಮ ಮನೆ ಮುಟ್ಟುವವರೆಗೂ ನೆನೆದಳು.

ಗುರುವಾರ ಅವಳು ಹೋದಾಗ ಪೀರಂಬಿ ಹಜಾರದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಚಪ್ಪಲಿ ಬಿಟ್ಟ ಸದ್ದಿಗೇ ಗುರುತು ಹಿಡಿದಳು.

"ಬಾರೇ ಹಾಲೀ. ಎಡಗಾಲು ಇನ್ನೂ ಎಳಕೊಂಡೇ ನಡೀತೀಯಲ್ಲ. ನಾ ಕೊಟ್ಟ ಎಣ್ಣಿ ಹಚ್ಚಿದ್ಯೋ, ಹಂಗೇ ಇಟ್ಟೀಯೋ?"

"ಹಚ್ಚೀನಿ ಪೀರೂ."

"ಸುಳ್ಳು. ಹಚ್ಚಿದ್ರೆ ವಾಸನಿ ಬರ್ತಿತ್ತು. ಕೂತ್ಕೋ."

ಹಾಲಮ್ಮ ಕೂತಳು. ಒಂದು ಹಿಡಿ ಬೆಳ್ಳುಳ್ಳಿ ತನ್ನ ಕಡೆ ಎಳೆದುಕೊಂಡು ತಾನೂ ಸುಲಿಯುತ್ತ, ಎಲ್ಲವನ್ನೂ ಹೇಳಿದಳು. ಸ್ಫೂರ್ತಿಯ ಪರೀಕ್ಷೆ, ಹದಿನೇಳರ ಗಾಳಿ, ಪುಸ್ತಕದ ಸೊನ್ನೆಗಳು. ಪೀರಂಬಿಯ ಬೆರಳು ನಿಂತಿತು.

"ನೀರು ಕುಡಿಯಾಕೆ ಬರ್ತಿದ್ರಲ್ಲ ಎಲ್ಲಾರೂ."

"ಹೂಂ."

"ಬರೋವಾಗ ಒಂದೆರಡು ಎಳಿ ಹಾಕಿ ಹೋಗ್ತಾರೆ ಅಂತ ಗೊತ್ತಿತ್ತು ನಂಗೆ. ಒಂದು ಐದೋ ಹತ್ತೋ. ಮಿಕ್ಕಿದ್ದು ನಾನೇ ಹಾಕ್ತೀನಿ ಅಂದ್ಕೊಂಡಿದ್ನಲ್ಲೇ. ಬೆರಳಾಗೇ ನೋಡ್ಕೊಂಡು ಹಾಕ್ತಿದ್ದೆ. ಅದೂ ಲೆಕ್ಕಕ್ಕಿಲ್ಲೇನು?"

"ನೀನೂ ಹಾಕ್ತಿದ್ದೆ. ಆದ್ರೆ..."

"ಆದ್ರೆ ಸೊನ್ನಿ ನಂದಲ್ಲ."

ಒಳಗೆ ಕುಕ್ಕರು ಎರಡು ಸಲ ಕೂಗಿತು. ಪೀರಂಬಿ ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿನಲ್ಲಿ ಒಂದೊಂದಾಗಿ ಮುಟ್ಟಿ ನೋಡಿದಳು.

"ನನ್ನ ಕೇಳದಂಗೆ ಮ್ಯಾಲೆ ಕೂರ್ಸಿದ್ರಿ. ಈಗ ಇಳಿ ಅಂತ ಕೇಳಾಕೆ ಬಂದೀಯ. ನನ್ನ ಮಗ ಆ ಬೋರ್ಡಿನ ಫೋಟೋ ಹೊಡಸಿ ಗ್ವಾಡಿಗೆ ಹಾಕ್ಯಾನೆ, ನೋಡು, ನಿನ್ನ ತಲಿ ಮ್ಯಾಲೇ ಐತಿ. ಹೋಗೇ ಹಾಲೀ. ಇವತ್ತು ಹೋಗು."

ಹಾಲಮ್ಮ ಎದ್ದಳು. ಹೊಸ್ತಿಲು ದಾಟುವಾಗ ಹಿಂದಿನಿಂದ ಪೀರಂಬಿ ಕರೆದಳು.

"ನಿಲ್ಲು. ಹದಿನೇಳನ್ನ ರಿಪೇರಿ ಮಾಡ್ತಿದ್ದೋರು ಮೌನೇಶಾಚಾರಿ ಅಲ್ಲೇನು? ಫಿಟ್ಟರು?"

"ಹೌದು."

"ತಿಂಗಳಿಗೊಂದು ಸಲ ಶೆಡ್ಡಿನ ಮಾಸ್ತರ ಎಲ್ಲಾರ ಮುಂದೆ ಅವರಿಗೆ ಬೈತಿದ್ನಲ್ಲ, ಒಂದು ಮಿಷಿನ್ನು ನೆಟ್ಟಗೆ ಮಾಡಾಕೆ ಬರಂಗಿಲ್ಲ ನಿಂಗೆ ಅಂತ. ಅದು ಇದಕ್ಕೇನು?"

ಹಾಲಮ್ಮ ಹೊಸ್ತಿಲ ಮೇಲೆಯೇ ನಿಂತಳು. ಯಾರ ತಲೆಗೂ ಬರುವುದಿಲ್ಲ ಎಂದುಕೊಂಡಿದ್ದಳು. ತಲೆ ತಗ್ಗಿಸಿಕೊಂಡು ಸ್ಪ್ಯಾನರು ಒರೆಸುತ್ತ ನಿಂತಿದ್ದ ಆ ತೆಳ್ಳನೆಯ ಮನುಷ್ಯ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

"ನಂಗೆ ಹೊಳೀಲೇ ಇಲ್ಲ ಪೀರೂ."

"ಅವರ ಮರ್ಯಾದಿ ಬಿಚ್ಚಿ ನಂಗೆ ಹೊದಿಸಿದ್ರಿ" ಎಂದಳು ಪೀರಂಬಿ. ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಾಳಿ ಹತ್ತು ಗಂಟಿಗೆ ಆಟೋ ತಗೊಂಡು ಬಾ. ನಮಾಜಿನ ಹೊತ್ತಿಗೆ ವಾಪಸ್ ಬಿಡಬೇಕು."

ಶುಕ್ರವಾರ ನಿಯಂತ್ರಣ ಕೋಣೆಯಲ್ಲಿ ಪೀರಂಬಿ ನೆಟ್ಟಗೆ ಕೂತು, ಗದರಿಸುವ ದನಿಯಲ್ಲಿ ತನ್ನ ಹೇಳಿಕೆ ಕೊಟ್ಟಳು. ಪ್ರಣತಿ ಅದನ್ನು ಧ್ವನಿಮುದ್ರಿಸಿಕೊಂಡಳು. ಮುಗಿದ ಮೇಲೆ ಪೀರಂಬಿ ಕೇಳಿದಳು:

"ಮೌನೇಶಾಚಾರಿ ಬರೆದಿದ್ದು ಏನರ ಐತೇನವ್ವಾ ನಿಮ್ಮತ್ರ?"

"ಫಿಟ್ಟರುಗಳ ಪುಸ್ತಕ ಒಂದಿದೆ ಅಮ್ಮ. ಅದರಲ್ಲಿ ಬರೀ ಮಾತು, ಅಂಕಿ ಇಲ್ಲ. ಕಂಪ್ಯೂಟರಿಗೆ ಹಾಕೋಕೆ ಬರಲ್ಲ ಅಂತ ಪಕ್ಕಕ್ಕಿಟ್ಟಿದ್ವಿ."

"ಹದಿನೇಳರ ಬಗ್ಗೆ ಏನಂತಾರೆ, ಓದು."

ಪ್ರಣತಿ ಪುಟಗಳ ಚಿತ್ರಗಳನ್ನು ಪರದೆಗೆ ತಂದಳು. ಒತ್ತಿ ಬರೆದ ದುಂಡು ಅಕ್ಷರ. ಅವಳು ಓದತೊಡಗಿದಳು. "ಹದಿನೇಳು. ಟ್ರಾವೆಲರ್ ಬದಲಿಸಿದೆ. ದೋಷ ಕಾಣಲಿಲ್ಲ." ಮುಂದಿನ ತಿಂಗಳು: "ಬೇರಿಂಗ್ ಬದಲಿಸಿದೆ. ದೋಷ ಕಾಣಲಿಲ್ಲ." ಅದರ ಮುಂದಿನದು: "ಪೂರ್ತಿ ಬಿಚ್ಚಿ ನೋಡಿದೆ. ದೋಷ ಕಾಣಲಿಲ್ಲ." ಎರಡು ವರ್ಷ ಹೀಗೇ. ಹಾಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. ಪ್ರಣತಿ ಮುಂದಿನ ಸಾಲಿಗೆ ಬಂದು ತಡೆದಳು. ಮತ್ತೆ ನಿಧಾನವಾಗಿ ಓದಿದಳು.

"ಇಂದು ನಾಲ್ಕು ಗಂಟೆಗೆ ಹನ್ನೆರಡರ ಹತ್ತಿರ ನೀರು ಕುಡಿಯಲು ಹೋಗಿದ್ದೆ. ಹದಿನೇಳರ ದೋಷ ಕಂಡಿತು. ರಿಪೇರಿ ಅಗತ್ಯವಿಲ್ಲ."

ಹಾಲಮ್ಮನ ಬೆರಳಿನಿಂದ ಸೆರಗು ಬಿಚ್ಚಿಕೊಂಡಿತು.

"ಆಮೇಲೆ?" ಎಂದಳು ಪೀರಂಬಿ.

"ಆಮೇಲೆ ಐದು ವರ್ಷ ಪ್ರತಿ ತಿಂಗಳೂ ಒಂದೇ ಸಾಲು ಅಮ್ಮ. ಹದಿನೇಳು. ಬಿಚ್ಚಿದೆ, ಒರೆಸಿದೆ, ಜೋಡಿಸಿದೆ."

ಗೊತ್ತಿದ್ದೇ ಬಿಚ್ಚಿದ್ದರು, ಗೊತ್ತಿದ್ದೇ ಜೋಡಿಸಿದ್ದರು. ಗೊತ್ತಿದ್ದೇ ತಿಂಗಳಿಗೊಮ್ಮೆ ತಲೆ ತಗ್ಗಿಸಿ ನಿಂತು ಬೈಗುಳ ಕೇಳಿದ್ದರು. ಒಂದು ದಿನವೂ ಹಾಲಮ್ಮನ ಕಡೆ ತಿರುಗಿ ನೋಡಿರಲಿಲ್ಲ. ಪೀರಂಬಿ ಕಾಣದ ಕಣ್ಣುಗಳನ್ನು ಸೆರಗಿನಿಂದ ಒತ್ತಿಕೊಂಡಳು. "ಆ ಮನುಷ್ಯ ಹೋಗಿ ಎಷ್ಟು ವರ್ಷಾತು ಹಾಲೀ?" ಎಂದಳು. "ಹನ್ನೊಂದು" ಎಂದಳು ಹಾಲಮ್ಮ. ಅವರ ಮಣ್ಣಿಗೆ ತಾನು ಹೋಗಿರಲಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು.

ಪ್ರಣತಿ ಫಲಕ ತೆಗೆದಳು. ಗಾಳಿಯನ್ನು ಅದರ ಬಾಗಿಲಿಗೆ ಮರಳಿಸಿದಳು. ಪರೀಕ್ಷೆಯ ನಲವತ್ತು ಜನರಿಗೂ ಅಂದೇ ಮಧ್ಯಾಹ್ನ ತಿದ್ದುಪಡಿಯ ಸುದ್ದಿ ಹೋಯಿತು. ಹನ್ನೆರಡು ಬಂದಿದ್ದ ಹರಿಹರದ ಹುಡುಗಿ ಅತ್ತಳಂತೆ.

ಶನಿವಾರ ಪರೀಕ್ಷೆಯ ಹಾಲಿನ ಗಾಜಿನಾಚೆ ಬೆಂಚಿನ ಮೇಲೆ ಇಬ್ಬರು ಮುದುಕಿಯರೂ ಕೂತಿದ್ದರು. ಒಳಗೆ ಕನ್ನಡಕ ಹಾಕಿದ ಹುಡುಗಿಯರು ಬರಿಗಾಳಿಯಲ್ಲಿ ಕೈಯಾಡಿಸುತ್ತ ಓಡಾಡುತ್ತಿದ್ದರು. ಹೊರಗಿನವರಿಗೆ ಕೇಳಲೆಂದು ಶೆಡ್ಡಿನ ಸದ್ದನ್ನು ಸ್ಪೀಕರಿನಲ್ಲಿ ಬಿಟ್ಟಿದ್ದರು. ಗೋಡೆಯ ಪರದೆಯ ಮೇಲೆ ಒಂದೊಂದು ಫ್ರೇಮಿನ ಅಂಕಿ. ಹದಿನೇಳರಲ್ಲಿ ಎಳೆಗಳು ಕಡಿಯುತ್ತಿದ್ದವು, ಎಲ್ಲ ಫ್ರೇಮಿನಲ್ಲಿ ಕಡಿಯುವಷ್ಟೇ. ಸ್ಫೂರ್ತಿ ಸೇರಿಸುತ್ತಿದ್ದಳು. ಅವಳ ಎಡಗೈ ಕದಿರು ತಡೆಯುವ ರೀತಿ ಹಾಲಮ್ಮನಿಗೆ ತನ್ನದೇ ಅನಿಸಿತು. ಒಂದಿಷ್ಟು ಅವಸರ, ಒಂದಿಷ್ಟು ಹಮ್ಮು. ನಾಲ್ಕು ಹೊಡೆಯಿತು. ಹದಿನೇಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ ಎಂಬಂತೆ ಓಡಿತು. ನೂಲಿನ ಅಂಕಿ ಬೇಕಾದ ಗೆರೆ ದಾಟಿತು. ಅವಳ ಹೆಸರಿನ ಮುಂದೆ ಹಸಿರು ದೀಪ ಹತ್ತಿಕೊಂಡಿತು.

"ಆತು ಪೀರೂ. ನಮ್ಮ ಹುಡುಗಿ ಗೆದ್ದಳು."

ಪೀರಂಬಿ ಸ್ಪೀಕರಿನ ಕಡೆ ಕಿವಿ ತಿರುಗಿಸಿ ಕೂತಿದ್ದಳು. ಎಳೆ ಕಡಿದ ಕಡೆ, ಹತ್ತಿಯನ್ನು ಒಳಗೆಳೆದುಕೊಳ್ಳುವ ಕೊಳವೆ ಸಣ್ಣಗೆ ಸಿಳ್ಳೆ ಹಾಕುತ್ತದೆ. ಕಣ್ಣು ಮಂಜಾದ ಮೇಲೆ ಅವಳು ದುಡಿದದ್ದೆಲ್ಲ ಆ ಸಿಳ್ಳೆಯ ಗುರುತಿನಿಂದಲೇ. ಈಗ ಶೆಡ್ಡಿನ ಪಡುವಣ ಮೂಲೆಯಿಂದ ಸಿಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

"ಅದು ಹನ್ನೆರಡು ಅಲ್ಲೇನು?"

"ಹೌದು. ಆ ಹರಿಹರದ ಹುಡುಗಿ ಒದ್ದಾಡಾಕ ಹತ್ತಾಳೆ ಪಾಪ."

"ಹೆಂಗ್ ಕಡೀತೈತಿ ನೋಡೇ ಹಾಲೀ!" ಪೀರಂಬಿಯ ಸುಕ್ಕುಮುಖ ಬಿಚ್ಚಿಕೊಂಡಿತು. "ಮೊದಲು ಒಂದು, ಆಮ್ಯಾಲೆ ಮೂರು, ಏಳು. ಹಂಗೇ ಐತಿ, ಒಂಚೂರೂ ಬದಲಾಗಿಲ್ಲ. ಇಷ್ಟು ದಿನ ಯಾವುದೋ ಸತ್ತ ಮಿಷಿನ್ನು ತೋರಿಸಿ ನಿಂದು ನಿಂದು ಅಂತಿದ್ರು. ಇದು ನೋಡು ನಂದು!"

ಅವಳು ಬೆಂಚು ಹಿಡಿದು ಎದ್ದಳು. ತಡವರಿಸುತ್ತ ಹೋಗಿ ಗಾಜಿಗೆ ಎರಡೂ ಅಂಗೈ ಒತ್ತಿದಳು. ಕಾವಲಿನವನು ಬೇಡ ಅಜ್ಜಿ ಎನ್ನುವುದರೊಳಗೆ, ಒಳಗಿನವರಿಗೆ ಕೇಳುವುದಿಲ್ಲವೆಂದು ಗೊತ್ತಿದ್ದರೂ, ಶೆಡ್ಡಿನ ಸದ್ದನ್ನು ಮೀರಿಸುವ ಆ ಹಳೆಯ ದನಿಯಲ್ಲಿ ಕೂಗಿದಳು:

"ಲೇ ಹುಡುಗೀ, ಹೆದರಬ್ಯಾಡ! ಬಾಗ್ಲ ಕಡಿಯಿಂದ ಹಿಡ್ಕೊಂಡು ಬಾ!"